ಟೋಪಿಯ ಹೊಟ್ಟೆ

“ಯಾರೂ ಮುಟ್ಟಬ್ಯಾಡ್ರಿ! ಇದರಾಗ ಏನೋ ಅದ!”

ಮಾನ್ವಿಯ ತಾಲೂಕು ಕಚೇರಿ ಪಡಸಾಲೆಯಲ್ಲಿ ಗುಮಾಸ್ತ ಪ್ರಹ್ಲಾದ ಕೂಗಿದ ಕೂಗಿಗೆ ರಸ್ತೆಯಲ್ಲಿ ಹೋಗುತ್ತಿದ್ದವರೂ ಒಳಗೆ ನುಗ್ಗಿದರು. ಅವನ ಕೈಯಲ್ಲಿ ಒಂದು ಹಸಿರು ಉಣ್ಣೆ ಟೋಪಿಯಿತ್ತು. ಗಡಿಯ ಸಿಪಾಯಿಗಳಿಗೆಂದು ಊರಿನ ಹೆಂಗಸರು ಹೆಣೆದ ನಲವತ್ತೆರಡು ಟೋಪಿಗಳನ್ನು ಚೀಲಕ್ಕೆ ತುಂಬಲು ಕೂತಿದ್ದ. ಅಂಚಿನ ಮಡಿಕೆಯೊಳಗೆ ಗಟ್ಟಿಯಾದದ್ದೇನೋ ಬೆರಳಿಗೆ ಸಿಕ್ಕಿತು. ಇನ್ನೊಂದನ್ನು ಹಿಚುಕಿ ನೋಡಿದ, ಅದರಲ್ಲೂ ಇತ್ತು. ಮೂರನೆಯದರಲ್ಲೂ.

ಎಪ್ಪತ್ತೊಂದರ ಡಿಸೆಂಬರ್. ಯುದ್ಧ ಇಂದೋ ನಾಳೆಯೋ ಎಂದು ಊರಿಗೆ ಊರೇ ರೇಡಿಯೋಗೆ ಕಿವಿ ಹಚ್ಚಿ ಕೂತ ದಿನಗಳು. ರಾಯಚೂರಿನಿಂದ ಬರುವ ಬಸ್ಸುಗಳ ದೀಪಕ್ಕೆ ಅರ್ಧ ಕಪ್ಪು ಬಳಿದಿದ್ದರು. ಕೃಷ್ಣಾ ಸೇತುವೆಯ ಬಳಿ ಗೂಢಚಾರನೊಬ್ಬ ಸಿಕ್ಕಿಬಿದ್ದನೆಂದು ಬೆಳಿಗ್ಗೆ ಯಾರೋ ಹೇಳಿದ್ದರು. ಊಟದ ಹೊತ್ತಿಗೆ ಗೂಢಚಾರರು ಏಳು ಮಂದಿಯಾಗಿದ್ದರು.

“ಬಾಂಬೇ ಇರಬೇಕ್ರಿ,” ಎಂದ ಲಾರಿ ಡ್ರೈವರ್ ಪಕೀರಪ್ಪ, ಮೆಲ್ಲಗೆ ಬಾಗಿಲ ಕಡೆ ಸರಿಯುತ್ತ. “ಸಂಜಿ ಗಾಡಿಗೆ ಇವನ್ನ ನಾ ರಾಯಚೂರು ಸ್ಟೇಷನ್ನಿಗೆ ಮುಟ್ಟಸಬೇಕು. ನಾ ಅಂತೂ ಒಲ್ಲೆ. ನಂದು ಇನ್ನ ಮದಿವಿ ಆಗಿಲ್ಲ.”

“ಟೋಪಿ ಅಂಚಿನಾಗ ಬಾಂಬ್ ಹಿಡಸ್ತದೇನೋ ಮಂಗ್ಯಾ?” ಎಂದರು ಭಾಗೀರಥಿಬಾಯಿ. ಹೈಸ್ಕೂಲು ಮಾಸ್ತರರ ಹೆಂಡತಿ. ಸೆಕೆಯ ಈ ಊರಿನ ಹೆಂಗಸರಿಗೆ ಉಣ್ಣೆ ಹೆಣೆಯುವುದನ್ನು ಕಲಿಸಿದವರು ಅವರೇ. ಮಾತು ಗಟ್ಟಿಯಾಗಿತ್ತು, ಮುಖ ಮಾತ್ರ ಬಿಳಿಚಿಕೊಂಡಿತ್ತು.

ಕಂಬದ ಹಿಂದೆ ಕೂಲಿಯ ಮೂಕಮ್ಮ ನಿಂತಿದ್ದಳು. ಟೋಪಿಗಳ ಅಂಚು ಮಡಚಿ ಹೊಲಿದವಳು ಅವಳು. ಕೂಲಿ ಇಲ್ಲದ ದಿನ ಮನೆಮನೆಗೆ ಹಳೇ ಸೀರೆಯ ಕೌದಿ ಹೊಲಿದುಕೊಡುವ ಅವಳ ಕೈ ಬಲು ಚಲೋ ಎಂದು ಭಾಗೀರಥಿಬಾಯಿಯೇ ಆ ಕೆಲಸ ವಹಿಸಿದ್ದರು. ಈಗ ಟೋಪಿಗಳು ಇಲ್ಲೇ ಉಳಿದರೆ? ಮಗ ತಾಯಣ್ಣ ಗಡಿಯ ಯಾವ ಮೂಲೆಯಲ್ಲಿದ್ದಾನೋ. ಎರಡು ತಿಂಗಳಿಂದ ಕಾಗದವಿಲ್ಲ. ಕೊನೆಯ ಕಾಗದದಲ್ಲಿ ಬರೆಸಿದ್ದು ಒಂದೇ ಮಾತು: ಇಲ್ಲಿ ಥಂಡಿಗೆ ಕಿವಿ ಸಿಡೀತಾವ ಯವ್ವಾ.

“ಕತ್ತರಿ ತರ್ರಿ,” ಎಂದ ಪ್ರಹ್ಲಾದ. “ಪೊಲೀಸರಿಗೂ ಹೇಳಿಕಳಸ್ರಿ. ಎಲ್ಲಾ ಬಿಚ್ಚಿ ನೋಡಬೇಕು. ಇವತ್ತು ಇವು ಹೋಗೂದಿಲ್ಲ.”

“ಬ್ಯಾಡ್ರಿ ಯಪ್ಪಾ!” ಮೂಕಮ್ಮ ಜನರ ನಡುವೆ ತೂರಿ ಬಂದಳು. “ನಾನಾ ಇಟ್ಟೀನ್ರಿ ಅದನ್ನ.”

ಮುಂದೆ ನಿಂತಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು.

“ಏನಿಟ್ಟಿ ಬೇ?” ಪಕೀರಪ್ಪ ಬಾಗಿಲಾಚೆಯಿಂದಲೇ ಕೇಳಿದ.

“ರೊಟ್ಟಿ.”

“ಏನಂದಿ?”

“ಖಡಕ್ ರೊಟ್ಟಿ ಚೂರು. ಕೌದಿ ಹೊಲಿಯೂಮುಂದ ಕಡೀ ಮೂಲಿ ಮುಚ್ಚೂಕಿಂತ ಮೊದಲ ಒಂದು ಚೂರು ರೊಟ್ಟಿ ಇಡ್ತೀವ್ರಿ ನಾವು. ಹೊಚಗೊಂಡಾಂವ ಹಸದು ಮಲಗಬಾರದು ಅಂತ. ಟೋಪಿ ಆದ್ರೇನು, ಹೊಟ್ಟಿ ಖಾಲಿ ಇಟ್ಟು ಹೊಲಿಗಿ ಮುಗಸಾಕ ಮನಸು ಬರಲಿಲ್ಲ.”

ಯಾರೋ ಕಿಸಕ್ಕನೆ ನಕ್ಕರು. ಪ್ರಹ್ಲಾದ ನಗಲಿಲ್ಲ. ಕೈಯಲ್ಲಿದ್ದ ಹಸಿರು ಟೋಪಿಯ ಹೊಲಿಗೆ ಕತ್ತರಿಸಿದ. ಉಗುರಿನಷ್ಟು ಅಗಲದ ಚೂರೊಂದು ಅವನ ಅಂಗೈಗೆ ಬಿತ್ತು. ಮೂಸಿ ನೋಡಿದ.

“ರೊಟ್ಟಿನೇ ಅನಸ್ತದ. ಆದ್ರ ಒಳಗ ಏನು ಕಲಸ್ಯಾರೋ ಯಾರಿಗ್ಗೊತ್ತು? ಕಾಲ ಸರಿ ಇಲ್ಲ.”

ಮೂಕಮ್ಮ ತಾನೇ ತಿಂದು ತೋರಿಸಲು ಕೈ ಚಾಚಿದಳು. ಅಷ್ಟರಲ್ಲಿ ಭಾಗೀರಥಿಬಾಯಿ ಮುಂದೆ ಬಂದು, ಆ ಚೂರನ್ನು ಎತ್ತಿ ಬಾಯಿಗೆ ಹಾಕಿಕೊಂಡು ಕರುಂ ಎಂದು ಕಡಿದರು. ಈ ಸಲ ಜನ ಉಸಿರು ಬಿಗಿಹಿಡಿದದ್ದು ಬಾಂಬಿಗಲ್ಲ. ಮಡಿವಂತೆ ಭಾಗೀರಥಿಬಾಯಿ ಪರರ ಮನೆಯ ನೀರನ್ನೂ ಮುಟ್ಟದವರು. ಇನ್ನು ಮೂಕಮ್ಮನ ಕೇರಿಯ ರೊಟ್ಟಿ!

ಭಾಗೀರಥಿಬಾಯಿ ನಿಧಾನವಾಗಿ ಅಗಿದು ನುಂಗಿದರು.

“ಎಳ್ಳು ಹಚ್ಚ್ಯಾಳ,” ಎಂದರು. “ಬಾಂಬಂತೂ ಅಲ್ಲ.”

ನಗೆ ಸಿಡಿದು ಇಡೀ ಕಚೇರಿ ಗಲಗಲ ಎಂದಿತು. ಯಾರೋ ಜೈಕಾರ ಹಾಕಿದರು. ಪಕೀರಪ್ಪ ಎಲ್ಲರಿಗಿಂತ ಜೋರಾಗಿ ಕೂಗಿ, ಲಾರಿ ಚಾಲೂ ಮಾಡಲು ಓಡಿದ. ಹೆಂಗಸರು ಎರಡೆರಡು ಕೈಯಿಂದ ಟೋಪಿಗಳನ್ನು ಚೀಲಕ್ಕೆ ತುರುಕಿದರು.

“ಮೂಕಮ್ಮ,” ಪ್ರಹ್ಲಾದ ದನಿ ತಗ್ಗಿಸಿ ಕೇಳಿದ, “ನಿನ್ನ ಮಗಂದು ಯಾವ ಟೋಪಿ?”

“ಯಾವುದು ಅವನ ತಲಿ ಮ್ಯಾಲ ಹೋಗ್ತದೋ ನನಗೇನ್ ಗೊತ್ತ್ರಿ? ಅದಕ್ಕ ನಲವತ್ತೆರಡಕ್ಕೂ ಇಟ್ಟೀನಿ.”

ಹೊರಗೆ ಲಾರಿಯ ಹಾರ್ನ್ ಕೇಳಿಸಿತು. ಚೀಲದಲ್ಲಿ ನಲವತ್ತೊಂದು, ಅಂಚು ಬಿಚ್ಚಿದ ಹಸಿರು ಟೋಪಿ ಪ್ರಹ್ಲಾದನ ಕೈಯಲ್ಲೇ ಇತ್ತು. ಮೂಕಮ್ಮ ಅದನ್ನು ಕಸಿದುಕೊಂಡು ನೆಲಕ್ಕೆ ಕೂತಳು. ಸಂಚಿಯಿಂದ ಸೂಜಿ ತೆಗೆದು ದಾರ ಪೋಣಿಸಿದಳು. ಆಮೇಲೆ ಸುಮ್ಮನೆ ಕೂತಳು. ಒಳಗಿಡಲು ಅವಳ ಹತ್ತಿರ ಏನೂ ಇರಲಿಲ್ಲ. ಮನೆಗೆ ಓಡಿ ಬರುವಷ್ಟರಲ್ಲಿ ಲಾರಿ ಊರು ದಾಟಿರುತ್ತದೆ.

ಮತ್ತೆ ಹಾರ್ನ್. ಪ್ರಹ್ಲಾದ ಒಮ್ಮೆ ಆಚೀಚೆ ನೋಡಿದ. ಮೇಜಿನ ಕೆಳಗಿನಿಂದ ತನ್ನ ಬುತ್ತಿ ಡಬ್ಬಿ ಎಳೆದು, ಮುಚ್ಚಳ ತೆಗೆದು, ತಾಯಿ ಕಟ್ಟಿಕೊಟ್ಟಿದ್ದ ಜೋಳದ ಭಕ್ಕರಿಯ ಅಂಚು ಮುರಿದು ಅವಳ ಮುಂದೆ ಹಿಡಿದ.

“ಮೆತ್ತಗದ ಯಪ್ಪಾ ಇದು,” ಎಂದಳು ಮೂಕಮ್ಮ. “ಎಂಟು ದಿನಕ್ಕ ಬೂಸರು ಹಿಡೀತದ.”

“ಅಷ್ಟರಾಗ ಯುದ್ಧ ಮುಗದು ಮಂದಿ ಮನಿಗೆ ಬಂದಿರ್ತಾರ,” ಎಂದ ಪ್ರಹ್ಲಾದ. “ಹೊಲಿ ನೀ, ಲಗೂ ಹೊಲಿ.”