ಗಂಧದ ಸೋಪಿನ ಮರಿ

ಮಗುವಿನ ಸ್ನಾನಕ್ಕೆಂದು ಗಂಧದ ಸೋಪು ಬಿಚ್ಚಿದಾಗಲೆಲ್ಲ ನನಗೆ ಮಾಧವರಂ ಆಚೆಯ ನಮ್ಮ ಆಡಿನ ಕೊಟ್ಟಿಗೆ ನೆನಪಾಗುತ್ತದೆ.

ಅಪ್ಪನಿಗೆ ಆ ತಮಿಳು ನಾಡಿನಲ್ಲಿ ಬ್ಯಾಂಕಿನ ಕೆಲಸ; ಆಡು, ಕೋಳಿ ಸಾಕುವುದು ಅಪ್ಪ ಅಮ್ಮ ಇಬ್ಬರಿಗೂ ಹೊಸ ಹುಚ್ಚು. ಮೊದಲ ಮರಿ ಹುಟ್ಟಿದ ಬೆಳಿಗ್ಗೆ ಅಮ್ಮ, ಉಡುಪಿಯ ಮನೆಯಲ್ಲಿ ಬಾಣಂತಿಯ ಕೂಸಿಗೆ ಮಾಡುವ ಹಾಗೆ, ಅದಕ್ಕೆ ಬಿಸಿನೀರು ಹೊಯ್ದು, ಗಂಧದ ಸೋಪು ಹಚ್ಚಿ ಮೀಯಿಸಿ, ಹಳೆಯ ಸೀರೆಯಲ್ಲಿ ಒರೆಸಿ ತಂದು ಬಿಟ್ಟಳು. ತಾಯಿ ಆಡು ಒಮ್ಮೆ ಮೂಸಿ, ಕೊಂಬಿನಿಂದ ಮರಿಯನ್ನು ದೂರ ನೂಕಿತು. ಮರಿ ಮತ್ತೆ ಹೋಯಿತು. ಆಡು ಮತ್ತೆ ನೂಕಿತು.

“ಅದರ ವಾಸನೆಯನ್ನೇ ತೊಳೆದುಬಿಟ್ಟಿದ್ದೀಯಲ್ಲ, ಗುರ್ತು ಹೇಗೆ ಸಿಗ್ತದೆ? ಇನ್ನು ಬಾಟ್ಲಿ ಹಾಲೇ ಗತಿ,” ಎಂದರು ಅಪ್ಪ.

“ತಾಯಿ ಇರುವಾಗ ಬಾಟ್ಲಿ ಯಾಕೆ? ತೊಳೆದದ್ದು ನಾನು, ನಾನೇ ನೋಡಿಕೊಳ್ತೇನೆ. ನೀವು ಬಡಿಸಿಕೊಂಡು ಊಟ ಮಾಡಿ.”

ಮಧ್ಯಾಹ್ನವಿಡೀ ಅಮ್ಮ ಕೊಟ್ಟಿಗೆಯ ಹಸಿ ನೆಲದಲ್ಲಿ ಕೂತಿದ್ದಳು. ಆಡಿನ ಹಾಲನ್ನೇ ಹಿಂಡಿ ಮರಿಯ ಬೆನ್ನಿಗೆ, ಬಾಲಕ್ಕೆ ಸವರುವಳು; ಆಡನ್ನು ಗೋಡೆಗೆ ಒತ್ತಿ ಹಿಡಿದು ಕುಡಿಸುವಳು; ಒದೆ ತಿಂದು ಮತ್ತೆ ಸವರುವಳು. ಸ್ನಾನವಾಗದೆ ಒಲೆ ಮುಟ್ಟದವಳ ಸೀರೆಯಲ್ಲಿ ಹಿಕ್ಕೆ, ಹಾಲು ಎಲ್ಲ ಮೆತ್ತಿಕೊಂಡಿತ್ತು.

“ಪೋದುಮ್ಮಾ, ವಾ,” ಸಾಕು ಬಾ ಎಂದು ನಾನು ತಮಿಳಿನಲ್ಲಿ ಕರೆದೆ.

“ಒಳಗೆ ಬಂದ್ರೆ ಮೀಬೇಕು. ಮಿಂದ್ರೆ ಇದಕ್ಕೆ ನನ್ನ ಗುರ್ತೂ ಸಿಗ್ಲಿಕ್ಕಿಲ್ಲ,” ಎಂದಳು, ತಿರುಗಿ ನೋಡದೆ.

ಬಿಸಿಲು ಇಳಿಯುವ ಹೊತ್ತಿಗೆ ಅಮ್ಮ ಹಿಡಿತ ಸಡಿಲಿಸಿದಳು. ಆಡು ಓಡಲಿಲ್ಲ. ಮರಿಯ ಬೆನ್ನನ್ನು ನಿಧಾನವಾಗಿ ನೆಕ್ಕಿತು. ನೆಕ್ಕುತ್ತ ನೆಕ್ಕುತ್ತ, ಮರಿಯ ಮೇಲಿದ್ದ ಅಮ್ಮನ ಕೈಯನ್ನೂ ನೆಕ್ಕಿತು.