ಮೇಸ್ತ್ರಿ ಕೂತ ಗಾಡಿ

"ಮೊದಲು ನೀವೇ ಕೂರಿ ಗುರುವಪ್ಪಣ್ಣ, ಡೈನಮೋ ನಿಮ್ಮದಲ್ವಾ?" ಎಂದು ರಬ್ಬರ್ ತೋಟದ ಇಡಿಕುಳ, ಜನ ಸೇರಿದ ಮೈದಾನದಲ್ಲಿ ತಾನು ಕಟ್ಟಿದ ಗಾಡಿಯತ್ತ ಕೈಹಿಡಿದು ಎಳೆದಾಗ, ಗ್ಯಾರೇಜಿನ ಗುರುವಪ್ಪ ಮೇಸ್ತ್ರಿಯ ಕಿಸೆಯಲ್ಲಿ ಸ್ಪ್ಯಾನರ್ ಇನ್ನೂ ಬೆಚ್ಚಗಿತ್ತು. ಎಲ್ಲರೂ ಚಹಾಕ್ಕೆ ಹೋಗಿದ್ದಾಗ ಸೀಟಿನಡಿಯ ಬ್ಯಾಟರಿ ವಯರಿನ ನಟ್ಟನ್ನು ಅವನು ಸಡಿಲಿಸಿ ಬಂದಿದ್ದ.

ಲಾರಿಯಿಂದ ಕಳಚಿದ ಆ ಡೈನಮೋವನ್ನು ಗುಜರಿಗೆ ಎಸೆದವನೂ ಅವನೇ. ಇಡಿಕುಳ ಅದನ್ನು ಹೆಕ್ಕಿಕೊಂಡು, ಬ್ಯಾಟರಿಯಲ್ಲಿ ಓಡುವ ರೇಸ್ ಗಾಡಿ ಮಾಡುತ್ತೇನೆಂದಾಗ, "ಡೈನಮೋ ಕರೆಂಟು ಕೊಡುದು ಮಾರಾಯ, ತಿನ್ನುದಲ್ಲ. ಹಾಲು ಕೊಡುವ ದನಕ್ಕೆ ನೊಗ ಕಟ್ತೀಯಾ?" ಎಂದು ಗುರುವಪ್ಪ ನಕ್ಕಿದ್ದ. ಆ ದನ ನಿನ್ನೆ ಕಡಬದ ರಸ್ತೆಯಲ್ಲಿ ಮೊಪೆಡ್ಡೊಂದನ್ನು ಹಿಂದೆ ಹಾಕಿತ್ತು. ಮೂವತ್ತು ವರ್ಷ ಗ್ರೀಸಿನಲ್ಲಿ ಮಿಂದವನನ್ನು ಬಿಟ್ಟು, ಊರೆಲ್ಲ ಈ ರಬ್ಬರ್ ತೋಟದವನನ್ನು 'ಇಂಜಿನಿಯರ್ರೇ' ಎನ್ನತೊಡಗಿತ್ತು.

ಗುರುವಪ್ಪ ಕುಳಿತು ಸ್ವಿಚ್ ಒತ್ತಿದ. ಗಾಡಿ ಅಲುಗಲಿಲ್ಲ. ಇಡಿಕುಳನ ಮುಖ ಸಪ್ಪಗಾದದ್ದು ಕಂಡು ಅವನ ಹೊಟ್ಟೆ ತಣ್ಣಗಾಯಿತು. ಅಷ್ಟರಲ್ಲಿ ಗುಂಪಿನಿಂದ ಯಾರೋ ಕೂಗಿದರು: "ಎಂತ ಮಾರಾಯ್ರೆ, ಇಡಿಕುಳ ಕೂತರೆ ಓಡ್ತದೆ, ಮೇಸ್ತ್ರಿ ಕೂತರೆ ಓಡುದಿಲ್ವಾ?" ಮೈದಾನವೆಲ್ಲ ಗೊಳ್ಳೆಂದಿತು.

ಆ ನಗುವನ್ನು ಗುರುವಪ್ಪನಿಂದ ಸಹಿಸಲಾಗಲಿಲ್ಲ. ಬಗ್ಗಿಯೂ ನೋಡದೆ, ಸ್ಪ್ಯಾನರನ್ನು ಸೀಟಿನಡಿಗೆ ತೂರಿಸಿ ನಟ್ ಬಿಗಿದ. ಗಾಡಿ ಗುಂಯ್ ಎಂದು ಹೊರಟಿತು. ಒಂದು ಸುತ್ತು ಹಾಕಿ, ಚಪ್ಪಾಳೆಯ ನಡುವೆ ಎದೆಯುಬ್ಬಿಸಿ ಇಳಿದ.

ಇಡಿಕುಳ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದ: "ಅದೇ ನಟ್ಟು ಅಂತ ನಿಮಗೆ ಹೇಗೆ ಗೊತ್ತಾದ್ದು, ಗುರುವಪ್ಪಣ್ಣ?"