ಚೀಲ ತೆಗೆಸಲು ಬಂದವರು

"ಚೀಲ ತಗದ ಬಿಡ್ರಿ ಮೇಡಮ್ಮಾರ, ಒಮ್ಮೆಲೇ ಪೀಡಾ ಕಳೀಲಿ."

ಸವಣೂರಿನ ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್ ಗುಲ್ನಾರ್ ಅವರ ಮುಂದೆ ಕುಳಿತ ವೀರವ್ವ ಪೀಠಿಕೆ ಏನೂ ಹಾಕಲಿಲ್ಲ. ಹತ್ತಿಮತ್ತೂರಿನಿಂದ ಮೊದಲ ಬಸ್ಸಿಗೇ ಹೊರಟವಳು ತಯಾರಾಗಿಯೇ ಬಂದಿದ್ದಳು. ಕಾಲ ಬಳಿ ಹಾಸಿಗೆಯ ಗಂಟು, ಅದರೊಳಗೆ ತಾಟು, ಚರಿಗೆ, ಗಂಜಿಗೊಂದು ಡಬ್ಬಿ. ಪಕ್ಕದಲ್ಲಿ ಮಗಳು ಭಾಗ್ಯಶ್ರೀ. ಎರಡು ಮಕ್ಕಳ ತಾಯಿ, ಇನ್ನೂ ಇಪ್ಪತ್ತೈದು ತುಂಬಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದಳು.

"ಯಾಕ್ರಿ, ಏನಾಗೇತಿ ಇಕಿಗೆ?"

"ಬಿಳಿ ಮುಟ್ಟು ಹೋಗತೈತ್ರಿ. ಎಲುಬು ಕರಗಿ ಹೋಗೂದು ಅದು. ಎಲುಬೆಲ್ಲಾ ಖಾಲಿ ಆದ ಮ್ಯಾಲ ಇಕಿ ಮಕ್ಕಳನ್ನ ಯಾರ ನೋಡ್ಯಾರು? ಹಡದಾಳ, ಮಕ್ಕಳಾಗದ ಆಪರೇಶನ್ನೂ ಆಗೇತಿ. ಇನ್ನ ಚೀಲಕ್ಕೇನ ಕೆಲಸ? ನಂದೂ ಇದ ವಯಸ್ಸಿನ್ಯಾಗ ತಗದಾರ."

ಗರ್ಭಚೀಲ ಎಂದು ಪೂರ್ತಿ ಹೇಳುವ ರೂಢಿ ಆ ಊರಿನಲ್ಲಿಲ್ಲ. ಬಿತ್ತಿದ ಮೇಲೆ ಖಾಲಿ ಚೀಲ ಮಡಚಿ ಅಟ್ಟಕ್ಕೆ ಎಸೆದಷ್ಟೇ ಸಲೀಸಾಗಿ "ಅಕಿ ತಗಿಸ್ಯಾಳ" ಎಂದು ಮಾತು ಮುಗಿಸುತ್ತಾರೆ. ಒಂದು ಹಲ್ಲು ಕೀಳಿಸಬೇಕಾದರೆ ನಾಲ್ಕು ಮಂದಿಯನ್ನು ಕೇಳುವ ಜನ, ಹೆಂಗಸಿನ ಹೊಟ್ಟೆ ಕೊಯ್ಯಿಸಲು ಮಾತ್ರ ಯಾರನ್ನೂ ಕೇಳುವುದಿಲ್ಲ ನೋಡಿ!

ಡಾಕ್ಟರು ತಾಯಿಯನ್ನು ಬಿಟ್ಟು ಮಗಳ ಕಡೆ ತಿರುಗಿದರು. "ನೀ ಹೇಳವ್ವಾ. ಬಣ್ಣ ಹ್ಯಾಂಗೈತಿ? ನಾತ ಬರತೈತೇನು? ತುರಿಕಿ, ಉರಿ?"

"ಬಿಳೇದ್ರಿ. ಒಂದೊಂದ ದಿನ ನೀರಿನಂಗ, ತಿಂಗಳ ನಡಕ ಲೋಳಿ ಲೋಳಿ. ನಾತ ಇಲ್ರಿ, ತುರಿಕಿನೂ ಇಲ್ಲ." ಅವಳ ಕಣ್ಣು ತುಂಬಿತು. "ನಾ ಉಳೀತೇನಿಲ್ರಿ? ಹುಡುಗ್ರು ಭಾಳ ಸಣ್ಣವದಾವ."

ಪರದೆಯ ಆಚೆ ಕರೆದೊಯ್ದು ಪರೀಕ್ಷೆ ಮಾಡಿದ ಡಾಕ್ಟರು ಕೈ ತೊಳೆದುಕೊಂಡು ಬಂದು ಕುಳಿತರು.

"ಕಣ್ಣಾಗ ನೀರಿಲ್ಲೇನು, ಬಾಯಾಗ ಉಗುಳಿಲ್ಲೇನು? ಇದೂ ಹಂಗ. ಮೈ ತನ್ನ ಹಾದಿ ತಾನ ಸ್ವಚ್ಛ ಮಾಡ್ಕೋತೈತಿ. ಇದಕ್ಕೂ ಎಲುಬಿಗೂ ಏನೂ ಸಂಬಂಧ ಇಲ್ಲ. ಹಳದಿ, ಹಸರು ಆದ್ರ, ಮೊಸರ ಒಡದಂಗ ಗಡ್ಡಿ ಬಿದ್ರ, ನಾತ ಬಂದ್ರ, ತುರಿಸಿದ್ರ, ನಡುವ ರಕ್ತ ಕಂಡ್ರ ನನ್ನ ಹಂತ್ಯಾಕ ಬಾ. ಅವಕ್ಕೂ ಮೊದಲ ಔಷಧ ಐತಿ, ಕತ್ತರಿ ಅಲ್ಲ. ಒಳಗ ಸಾಬಾಣ ಹಾಕಿ ತೊಳೀಬ್ಯಾಡ, ಹೊರಗ ಬರೇ ನೀರು ಸಾಕು. ನಿನಗ ಯಾವ ರೋಗನೂ ಇಲ್ಲ ತಾಯಿ, ಮನಿಗೆ ಹೋಗು."

ಭಾಗ್ಯಶ್ರೀ ಅಳುತ್ತಲೇ ನಕ್ಕಳು. ಎಷ್ಟು ದಿನದಿಂದ ಹೊತ್ತ ಸಾವಿನ ಭಯವೋ, ಒಂದೇ ಮಾತಿಗೆ ಇಳಿದುಹೋಯಿತು. ಆದರೆ ವೀರವ್ವ ನಗಲಿಲ್ಲ. ಮಗಳು ಬದುಕಿದಳೆಂಬ ಸಂತೋಷ ಎದೆಯ ತನಕ ಬಂದು ಅಲ್ಲೇ ಸಿಕ್ಕಿಕೊಂಡಿತ್ತು.

"ನಂದೂ ಬಿಳೇದ ಇತ್ರಿ," ಎಂದಳು ಮೆಲ್ಲಗೆ. "ನಾತ ಇರಲಿಲ್ಲ. ತುರಿಕಿ ಇರಲಿಲ್ಲ. ಈಗ ನೀವು ಇಕಿಗೆ ಕೇಳಿದ್ರಲ್ಲಾ, ಹಂಗ ನನಗ ಯಾರೂ ಕೇಳಲಿಲ್ರಿ. ಚೀಲ ಕೊಳತೈತಿ ಅಂದ್ರು. ಹೆಬ್ಬೆಟ್ಟ ಒತ್ತಿಸ್ಕೊಂಡ್ರು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದಾದ ಮ್ಯಾಲ ಮೈ ಉರಿ, ನಡಾ ನೋವು ಸುರು ಆತೇನ್ರಿ?" ಎಂದು ಕೇಳಿದರು.

"ಅವತ್ತಿಂದ ಬಿಟ್ಟಿಲ್ರಿ. ಹೋದ ವರ್ಷ ಅಂಗಳದಾಗ ಜಾರಿದ್ದಕ್ಕ ಕೈ ಮುರೀತು."

"ಚೀಲದ ಜೋಡಿ ಅಂಡಾಶಯನೂ ತಗದಿರಬೇಕ್ರಿ. ಎಳೇ ವಯಸ್ಸಿನ್ಯಾಗ ಅದನ್ನ ತಗದ್ರ ಎಲುಬು ಲಗೂನ ಸವೀತಾವ." ಡಾಕ್ಟರ ದನಿ ತಗ್ಗಿತು. "ಮುಂದಿನ ವಾರ ನೀವು ಬರ್ರಿ. ನಿಮ್ಮ ಪರೀಕ್ಷಾ ಮಾಡೂಣು."

ವೀರವ್ವ ಎದ್ದಳು, ಕೈ ಮುಗಿದಳು.

ಬಸ್ ಸ್ಟ್ಯಾಂಡಿನಲ್ಲಿ ಹತ್ತಿಮತ್ತೂರಿನ ಬಸ್ಸು ಬಂದು ನಿಂತಾಗ ಅವಳು ಹಾಸಿಗೆಯ ಗಂಟಿಗೆ ಬಗ್ಗಿದಳು. ನಡು ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. "ಬಿಡಬೇ ಯವ್ವಾ, ನಾ ಹೊರ್ತೇನಿ," ಎಂದ ಭಾಗ್ಯಶ್ರೀ ಗಂಟನ್ನು ಒಂದೇ ಏಟಿಗೆ ಎತ್ತಿ ತಲೆಯ ಮೇಲಿಟ್ಟುಕೊಂಡಳು.

ನೆಟ್ಟಗೆ ನಿಂತ ಮಗಳನ್ನು ವೀರವ್ವ ಕಾಲಿನಿಂದ ತಲೆಯವರೆಗೂ ನೋಡಿದಳು.

"ಎಲುಬು ಉಳೀಲಿ ಅಂತನ ತಗಿಸಿದ್ನಿ, ಭಾಗ್ಯಾ."